ಕಾಂಬ, ಅವಸರ ಎಂತಕೆ? ಹಬ್ಬದ ಖರೀದಿಗೆ ಹೊರಡುವ ಮುನ್ನ

ದೀಪಾವಳಿಗೆ ಎರಡು ವಾರ ಇರುವಾಗ ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೇಪರ್ ಬಿಡಿಸಿದೆ. ಒಳಗಿನಿಂದ ಏಳು ಕರಪತ್ರ ಜಾರಿ ಬಿದ್ದವು. ಬಟ್ಟೆ ಅಂಗಡಿಯದ್ದು ಮೂರು, ಚಿನ್ನದ್ದು ಎರಡು, ಟಿವಿ-ಫ್ರಿಜ್‌ನದ್ದು ಒಂದು, ಸೋಫಾ-ಮಂಚದ್ದು ಒಂದು. ಒಂದನ್ನು ಕೈಗೆತ್ತಿಕೊಂಡೆ. ಕೆಂಪು ಹಿನ್ನೆಲೆಯ ಮೇಲೆ ಹಳದಿ ಬಣ್ಣದ 70% ನನ್ನ ಅಂಗೈಯಷ್ಟು ದೊಡ್ಡದಿತ್ತು. ಅದರ ಬಾಲಕ್ಕೆ ಅಂಟಿಕೊಂಡಿದ್ದ ‘ವರೆಗೆ’ ಮಾತ್ರ ಜೀರಿಗೆ ಕಾಳಿನಷ್ಟು. ಕೆಳಗೆ, ಕಾಗದದ ಅಂಚಿನಲ್ಲಿ, ಇಂಗ್ಲಿಷಿನಲ್ಲಿ ಮೂರು ಸಾಲು. ಅದನ್ನು ಓದಲು ನನಗೆ ಮೊಬೈಲಿನ ಕ್ಯಾಮೆರಾ ಹಿಗ್ಗಿಸಬೇಕಾಯಿತು. ಅಮ್ಮನಿಗೆ ಆ ಸಾಲುಗಳು ಕಂಡಿರಲೇ ಇಲ್ಲ. ಅವಳು ಓದಿದ್ದು ಎರಡೇ ಮಾತು: ಎಪ್ಪತ್ತು ಪರ್ಸೆಂಟು, ಮತ್ತು ಹಬ್ಬ.

ನಾನು ಕುಂದಾಪುರದಲ್ಲಿ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಕೆಲಸ ಮಾಡುವವಳು. ಬೈಂದೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಚೌತಿ ಕಳೆದ ಕೂಡಲೇ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿ ಫ್ಲೆಕ್ಸ್ ಏಳಲು ಶುರುವಾಗುತ್ತವೆ. ಯಡ್ತರೆ ವೃತ್ತದಿಂದ ಶಾಸ್ತ್ರಿ ವೃತ್ತದವರೆಗೆ, ಅಲ್ಲಿಂದ ಬ್ರಹ್ಮಾವರದ ಆಕಾಶವಾಣಿ ಸರ್ಕಲ್‌ವರೆಗೆ ಎಲ್ಲಿ ನೋಡಿದರೂ ರೇಷ್ಮೆ ಸೀರೆ ಉಟ್ಟ ಹೆಣ್ಣು, ಕೈಯಲ್ಲಿ ದೀಪ. ದೀಪಾವಳಿ ಮುಗಿದ ಮರುವಾರ ಅದೇ ಬಸ್ಸಿನಲ್ಲಿ ಕೇಳುವ ಮಾತು ಬೇರೆ: “ದುಡ್ಡೆಲ್ಲ ಖಾಲಿ ಆಯ್ತ್, ಎಂತ ತಂದ್ದ್ ಅಂದೇಳಿ ಗೊತ್ತಾತಿಲ್ಲೆ.” ಪ್ರತಿ ವರ್ಷ ಈ ಮಾತನ್ನು ಕೇಳುವವಳಾಗಿ, ಒಂದೆರಡು ಸಲ ನಾನೇ ಆಡಿದವಳಾಗಿ ಇದನ್ನು ಬರೆಯುತ್ತಿದ್ದೇನೆ. ಹಬ್ಬಕ್ಕೆ ಏನೂ ಕೊಳ್ಳಬೇಡಿ ಎಂದು ಹೇಳಲು ಅಲ್ಲ. ಹೊಸ ಬಟ್ಟೆಯ ವಾಸನೆ ನನಗೂ ಇಷ್ಟ. ಕೊಟ್ಟ ದುಡ್ಡಿಗೆ ನಮಗೆ ಬೇಕಾದ್ದೇ ಬರಬೇಕು, ಅಷ್ಟೇ.

ಜಾಹೀರಾತು ಹೇಗೆ ಕೆಲಸ ಮಾಡುತ್ತದೆ

ಮೊದಲು ಕಂಡ ಅಂಕಿ ಮನಸ್ಸಿನಲ್ಲಿ ಗೂಟ ಹೊಡೆದಂತೆ ನಿಲ್ಲುತ್ತದೆ. 3,999 ಎಂದು ಬರೆದು ಗೀಟು ಹಾಕಿ ಪಕ್ಕದಲ್ಲಿ 1,499 ಎಂದಾಗ, ನಾವು ಆ ಬಟ್ಟೆ 1,499ಕ್ಕೆ ಯೋಗ್ಯವೇ ಎಂದು ಕೇಳುವುದಿಲ್ಲ. 2,500 ಉಳಿಯಿತು ಎಂದು ಖುಷಿಪಡುತ್ತೇವೆ. 3,999ಕ್ಕೆ ಅದು ಯಾವತ್ತಾದರೂ ಮಾರಾಟವಾಗಿತ್ತೇ ಎಂಬುದು ನಮಗೆ ಗೊತ್ತಿಲ್ಲ. ಎರಡನೆಯದು ಗಡುವು. ‘ಇಂದೇ ಕೊನೆ’, ‘ಎರಡೇ ಪೀಸ್ ಉಳಿದಿದೆ’ ಎಂದಾಗ ಯೋಚಿಸುವ ಬುದ್ಧಿಗಿಂತ ಕಳೆದುಕೊಳ್ಳುವ ಭಯ ಮುಂದೆ ಓಡುತ್ತದೆ.

ಮೂರನೆಯದು ನಮ್ಮ ಕಡೆ ಈಗೀಗ ಹೆಚ್ಚಾಗಿರುವುದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದದ್ದು: ನಮ್ಮ ಭಾಷೆ. ಮೊದಲು ಜಾಹೀರಾತು ಪುಸ್ತಕದ ಕನ್ನಡ ಮಾತಾಡುತ್ತಿತ್ತು. ಈಗ ಆಟೋದ ಮೈಕು, ರೀಲ್ಸು, ವಾಟ್ಸ್ಆ್ಯಪ್ ಸ್ಟೇಟಸ್ಸು ಎಲ್ಲವೂ “ಹ್ವಾಯ್, ಬನ್ನಿ ಮಾರಾಯ್ರೆ” ಎಂದು ಕುಂದಾಪ್ರ ಕನ್ನಡದಲ್ಲಿ ಕರೆಯುತ್ತವೆ. 2022ರಲ್ಲಿ ಕೆರಾಡಿಯ ರಿಷಬ್ ಶೆಟ್ಟಿ ಅವರ ‘ಕಾಂತಾರ’ ಬಂದ ಮೇಲಂತೂ ಈ ಭಾಷೆಗೆ ಊರಾಚೆಯೂ ಕಿವಿಗಳಿವೆ. ನನಗೆ ಅದರ ಹೆಮ್ಮೆ ಇದೆ. ಆದರೆ ಮನೆಯವರ ಹಾಗೆ ಮಾತಾಡುವ ದನಿ ಕೇಳಿದಾಗ ನಾವು ಮನೆಯವರನ್ನು ನಂಬುವ ಹಾಗೆಯೇ ನಂಬುತ್ತೇವೆ. ಆ ರೀಲ್ಸ್ ಮಾಡಿದವರಿಗೆ ಅಂಗಡಿ ದುಡ್ಡು ಕೊಟ್ಟಿದ್ದರೆ ಅದು ಜಾಹೀರಾತೇ. ಹಾಗೆಂದು ನೋಡುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಸೂಚನೆ ಹೊರಡಿಸಿದೆ. ‘ಪ್ರಾಯೋಜಿತ’, ‘ಜಾಹೀರಾತು’ ಎಂಬ ಪದ ಎಲ್ಲಾದರೂ ಇದೆಯೇ ಎಂದು ಹುಡುಕಿ ನೋಡಿ.

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ. ಹಬ್ಬದ ಫ್ಲೆಕ್ಸಿನಲ್ಲಿ ನಿಂತವಳು ಯಾವಾಗಲೂ ನಮ್ಮ ವಯಸ್ಸಿನವಳು. ಅವಳು ಅತ್ತೆಗೆ ಸೀರೆ ತರುತ್ತಾಳೆ, ಅಪ್ಪನಿಗೆ ಫೋನು ತರುತ್ತಾಳೆ, ಮನೆಗೆ ಲಕ್ಷ್ಮಿ ತರುತ್ತಾಳೆ. ಅದನ್ನು ದಿನಾ ನೋಡುತ್ತ ಹೋದರೆ, ತರದೇ ಇದ್ದವಳ ಪ್ರೀತಿ ಕಡಿಮೆ ಎಂಬ ಭಾವನೆ ತಾನಾಗಿ ಮೂಡುತ್ತದೆ. ಮೊದಲ ಸಂಬಳದ ವರ್ಷ ನನಗೆ ಹಾಗೇ ಆಯಿತು. ಘಟ್ಟದ ಮೇಲೆ ಹೋಟೆಲು, ಬೇಕರಿಗಳಲ್ಲಿ ದುಡಿದು ಹಬ್ಬಕ್ಕೆ ಊರಿಗೆ ಬರುವ ನಮ್ಮ ಅಣ್ಣಂದಿರಿಗೂ ಇದೇ ಆಗುತ್ತದೆ: ಬರಿಗೈಯಲ್ಲಿ ಮನೆಯ ಮೆಟ್ಟಿಲು ಹತ್ತುವುದು ಹೇಗೆ? ಈ ನಾಚಿಕೆಯನ್ನು ಮುಟ್ಟಿಯೇ ಜಾಹೀರಾತು ಗೆಲ್ಲುತ್ತದೆ.

ಇನ್ನು ಮಾಡಬೇಕಾದದ್ದು.

1. ಕರಪತ್ರ ಬರುವ ಮೊದಲೇ ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ.

ಮೊದಲನೆಯದು ಹಬ್ಬ ತಾನೇ ಕೇಳುವ ಸಾಮಾನು. ನಮ್ಮ ಮನೆಯಲ್ಲಿ ಅದು ಹೀಗಿದೆ: ಎಣ್ಣೆ ಸ್ನಾನಕ್ಕೆ ಎಣ್ಣೆ ಮತ್ತು ಸೀಗೆಪುಡಿ, ಹಣತೆ, ಬತ್ತಿ, ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ಉದ್ದು, ಗೋಪೂಜೆಯ ದಿನ ಗಂಟಿಗಳಿಗೆ (ದನಕರುಗಳಿಗೆ) ಹಾಕಲು ಹೂವು, ಗದ್ದೆಗೆ ದೀಪ ಇಡಲು ಬೇಕಾದ ಚಿಲ್ಲರೆ. ಹಂಡೆ ಮನೆಯಲ್ಲಿದೆ, ನೀರು ಬಾವಿಯಲ್ಲಿದೆ. ಪಟ್ಟಿ ಬರೆದ ವರ್ಷ ನನಗೆ ಆಶ್ಚರ್ಯವಾದದ್ದು ಇಲ್ಲೇ. ಇದಿಷ್ಟೂ ಕುಂದಾಪುರದ ಶನಿವಾರ ಸಂತೆಯಲ್ಲಿ ಎರಡು ಚೀಲಕ್ಕೆ ಮುಗಿಯಿತು. ಏಳು ಕರಪತ್ರಗಳಲ್ಲಿ ಇದರ ಒಂದೇ ಒಂದು ಸಾಮಾನೂ ಇರಲಿಲ್ಲ.

ಎರಡನೆಯ ಕಾಲಂ ಹಬ್ಬ ಇರಲಿ ಬಿಡಲಿ ಬೇಕಾಗಿರುವುದು: ತಮ್ಮನ ಶಾಲೆಯ ಶೂ, ಜಾರು ಮುರಿದ ಮಿಕ್ಸಿಗೆ ಬದಲಿ. ರಿಯಾಯಿತಿ ನಿಜವಾಗಿ ಉಪಯೋಗಕ್ಕೆ ಬರುವುದು ಈ ಕಾಲಂಗೆ.

ಮೂರನೆಯದು ಆಸೆ. ಅದನ್ನು ನಾಚಿಕೆಯಿಲ್ಲದೆ ಬರೆಯಿರಿ, ಎದುರಿಗೆ ಒಂದು ಮೊತ್ತವನ್ನೂ ಬರೆಯಿರಿ. ಆಸೆಗೆ ದುಡ್ಡು ತೆಗೆದಿಡದವರೇ ಅಂಗಡಿಯಲ್ಲಿ ಅಗತ್ಯದ ಹೆಸರು ಹೇಳಿ ಆಸೆ ಕೊಳ್ಳುವುದು.

2. ನಿಜವಾದ ದರ ತಿಳಿದುಕೊಳ್ಳಿ

ಶಂಕರಪುರ ಮಲ್ಲಿಗೆಯನ್ನು ನೋಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ಅಟ್ಟೆಯ ದರ ಎಷ್ಟೆಂದು ಉಡುಪಿಯಿಂದ ಬೈಂದೂರಿನವರೆಗೆ ಹೂವಿನವರಿಗೆಲ್ಲ ಗೊತ್ತಿರುತ್ತದೆ. ಮದುವೆ, ಹಬ್ಬದ ದಿನ ಏರುತ್ತದೆ, ಮಳೆಗಾಲದಲ್ಲಿ ಬೇರೆಯಾಗುತ್ತದೆ. ಅದೂ ಗೊತ್ತು. ಆದ್ದರಿಂದ ಮಲ್ಲಿಗೆಗೆ 70% ರಿಯಾಯಿತಿ ಎಂದು ಯಾರೂ ಬೋರ್ಡ್ ಹಾಕುವುದಿಲ್ಲ. ಕೊಳ್ಳುವವರಿಗೆ ದರ ತಿಳಿದಿರುವ ಕಡೆ ಆ ಮಾತು ನಡೆಯುವುದಿಲ್ಲ.

ಎರಡನೆಯ ಕಾಲಂನ ಸಾಮಾನಿಗೂ ಇದನ್ನೇ ಮಾಡಿ. ಹಬ್ಬಕ್ಕೆ ಒಂದೂವರೆ ತಿಂಗಳು ಮೊದಲೇ ಎರಡು ಅಂಗಡಿಯಲ್ಲಿ ಮಾದರಿ ಸಂಖ್ಯೆ ಸಮೇತ ದರ ಕೇಳಿ, ಮೊಬೈಲಿನಲ್ಲಿ ಫೋಟೋ ಇಟ್ಟುಕೊಳ್ಳಿ. ಹಬ್ಬದ ದರವನ್ನು ಗೀಟು ಹಾಕಿದ ಅಂಕಿಗೆ ಹೋಲಿಸಬೇಡಿ, ನಿಮ್ಮ ಫೋಟೋಗೆ ಹೋಲಿಸಿ.

3. ಅಂಕಿಯನ್ನು ಬಿಡಿಸಿ ಓದಿ

ಕಚೇರಿಯಲ್ಲಿ ದಿನಾ ಅಂಕಿ ನೋಡುವವಳಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

‘50% + 20%’ ಎಂದರೆ 70% ಅಲ್ಲ. 2,000 ರೂಪಾಯಿಯ ಬಟ್ಟೆ ಮೊದಲು 1,000ಕ್ಕೆ ಇಳಿಯುತ್ತದೆ, ಆ 1,000ದಲ್ಲಿ 20% ಕಳೆದರೆ 800. ನಿಜವಾದ ರಿಯಾಯಿತಿ 60%. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರು ಬೇಕಾದವರಿಗೆ 33%. ಒಂದೇ ಬೇಕಾದವರಿಗೆ ಅದು ಇನ್ನೊಂದಕ್ಕೂ ದುಡ್ಡು ಕೊಡುವ ವ್ಯವಹಾರ. ‘3,000ಕ್ಕೆ ಕೊಂಡರೆ 500ರ ವೋಚರ್’ ಎಂಬಲ್ಲಿ ವೋಚರಿನ ಹಿಂಬದಿ ತಿರುಗಿಸಿ. ಮುಂದಿನ ಸಲ ಇಷ್ಟು ಸಾವಿರಕ್ಕೆ ಕೊಂಡರೆ ಮಾತ್ರ, ಇಂಥ ತಾರೀಕಿನೊಳಗೆ ಮಾತ್ರ ಎಂದು ಬರೆದಿರುತ್ತದೆ.

ದಿನಸಿಯಲ್ಲಿ ಒಂದು ಕಿಲೋಗೆ, ಒಂದು ಲೀಟರಿಗೆ ಎಷ್ಟು ಬಿತ್ತು ನೋಡಿ. ಲೀಟರಿಗೆ 120 ರೂಪಾಯಿಯ ಪ್ಯಾಕೆಟ್ ಪಕ್ಕದಲ್ಲಿ ‘ಹಬ್ಬದ ಆಫರ್ 99’ ಎಂಬ 750 ಮಿಲಿಲೀಟರ್ ಬಾಟಲಿ ಇದ್ದರೆ, ಅದು ಲೀಟರಿಗೆ 132 ಆಯಿತು. ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂ ಅಥವಾ ಮಿಲಿಲೀಟರ್ ಲೆಕ್ಕದ ದರವನ್ನೂ ಅಚ್ಚು ಹಾಕಬೇಕೆಂಬ ನಿಯಮ ಬಂದಿದೆ. ಅಕ್ಷರ ಚಿಕ್ಕದಿರುತ್ತದೆ, ಹುಡುಕಿ.

‘ಜಿಎಸ್‌ಟಿ ಇಳಿಕೆ ಆಫರ್’ ಎಂಬ ಬೋರ್ಡನ್ನೂ ಹೀಗೇ ಓದಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿ, ಎಸಿಗಳ ತೆರಿಗೆ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಅದು ಸರ್ಕಾರ ಇಳಿಸಿದ್ದು, ಅಂಗಡಿಯ ರಿಯಾಯಿತಿ ಅಲ್ಲ. ಫ್ರಿಜ್, ವಾಷಿಂಗ್ ಮೆಷಿನ್, ಮಿಕ್ಸಿಗಳಂತೂ 2018ರ ಜುಲೈಯಿಂದಲೇ 18 ಪರ್ಸೆಂಟಿನಲ್ಲಿವೆ. ಅವುಗಳ ಮೇಲೆ ‘ಜಿಎಸ್‌ಟಿ ಇಳಿಕೆ’ ಎಂದು ಚೀಟಿ ಅಂಟಿಸಿದ್ದರೆ ಯಾವ ಇಳಿಕೆ ಎಂದು ಕೇಳಿ.

ಇನ್ನು ಆ ಜೀರಿಗೆ ಅಕ್ಷರ. 2022ರ ಜೂನ್ 9ರಂದು ಜಾರಿಗೆ ಬಂದ ದಾರಿ ತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರ ಮಾದರಿಯಲ್ಲಿ ಇರಬೇಕು. ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ಷರತ್ತು ಹಾಕುವುದು ತಪ್ಪು. ನಮ್ಮ ಜಗಲಿಯ ಮೇಲೆ ಬಿದ್ದದ್ದು ಅಂಥದ್ದೇ. ಸಾಮಾನು ಸಾಕಷ್ಟು ಇಲ್ಲದೇ ‘999ಕ್ಕೆ ಮೊಬೈಲ್’ ಎಂದು ಜನರನ್ನು ಬಾಗಿಲಿಗೆ ಕರೆದು, ಒಳಗೆ ಬಂದ ಮೇಲೆ ಬೇರೆಯದನ್ನು ತೋರಿಸುವ ಆಮಿಷದ ಜಾಹೀರಾತಿಗೂ ಅದರಲ್ಲಿ ತಡೆ ಇದೆ.

4. ಚಿನ್ನ: ಮಜೂರಿ ಕೇಳಿ, ತೂಕ ಕೇಳಿ, ಗುರುತು ನೋಡಿ

ನನ್ನ ಅಮ್ಮಮ್ಮ ಚಿನ್ನ ಮಾಡಿಸಿದ್ದು ಮಗಳ ಮದುವೆಗೆ, ಮೊಮ್ಮಗಳ ಕಿವಿ ಚುಚ್ಚುವಾಗ. ಅಕ್ಷಯ ತೃತೀಯಕ್ಕೆ, ಧನ ತ್ರಯೋದಶಿಗೆ ಚಿನ್ನ ಕೊಳ್ಳಬೇಕು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ತ್ರಯೋದಶಿಯ ಸಂಜೆ ನಮ್ಮಲ್ಲಿ ಹಂಡೆ ತೊಳೆದು ನೀರು ತುಂಬುವುದು. ಕೊಳ್ಳುವ ಯೋಗ್ಯತೆ, ಅಗತ್ಯ ಎರಡೂ ಇದ್ದರೆ ಕೊಳ್ಳಿ. ತಿಥಿಗೆ ಹೆದರಿ ಬೇಡ.

ಚಿನ್ನದ ಜಾಹೀರಾತಿನಲ್ಲಿ ರಿಯಾಯಿತಿ ಇರುವುದು ಸಾಮಾನ್ಯವಾಗಿ ಮಜೂರಿಗೆ. ಅಲ್ಲೇ ಲೆಕ್ಕ ತಪ್ಪುವುದು. ಸುಲಭಕ್ಕೆ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 8 ಗ್ರಾಂ ಸರಕ್ಕೆ ಚಿನ್ನದ ಬೆಲೆ 80,000. ಒಂದು ಅಂಗಡಿ ಮಜೂರಿ 20% ಎಂದು ಹೇಳಿ ಅದರಲ್ಲಿ ಅರ್ಧ ಬಿಡುತ್ತದೆ, ಅಂದರೆ 8,000. ಇನ್ನೊಂದು ಅಂಗಡಿ ಯಾವ ಆಫರೂ ಇಲ್ಲದೆ 8% ಹಾಕುತ್ತದೆ, ಅಂದರೆ 6,400. ಶೇ. 3 ಜಿಎಸ್‌ಟಿ ಸೇರಿದರೆ ಮೊದಲನೆಯದು 90,640, ಎರಡನೆಯದು 88,992. ಅರ್ಧ ಬಿಟ್ಟವರ ಬಳಿಯೇ 1,648 ರೂಪಾಯಿ ಹೆಚ್ಚು. ‘ಮಜೂರಿ ಇಲ್ಲ’ ಎಂದರೆ ‘ವೇಸ್ಟೇಜ್ ಎಷ್ಟು?’ ಎಂದು ಕೇಳಿ. ಹೆಸರು ಬೇರೆ ಇದ್ದರೂ ಹೋಗುವುದು ನಿಮ್ಮ ದುಡ್ಡೇ.

ಕಲ್ಲು ಕೂರಿಸಿದ ಒಡವೆಯಲ್ಲಿ ಒಟ್ಟು ತೂಕ, ನಿವ್ವಳ ಚಿನ್ನದ ತೂಕ ಎರಡನ್ನೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಕಲ್ಲಿಗೆ ಚಿನ್ನದ ದರ ಕೊಡಬೇಡಿ.

ಹಾಲ್‌ಮಾರ್ಕ್‌ನಲ್ಲಿ ಮೂರು ಗುರುತು ಇರಬೇಕು: ಬಿಐಎಸ್ ಲಾಂಛನ, ಶುದ್ಧತೆ (22 ಕ್ಯಾರೆಟ್‌ಗೆ 916, 18ಕ್ಕೆ 750), ಮತ್ತು ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಅಂಗಡಿಯವರ ಭೂತಗನ್ನಡಿ ಕೇಳಿ ಪಡೆದು, ಆ ಆರು ಸ್ಥಾನವನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ. ಒಡವೆ ಯಾವುದು, ಶುದ್ಧತೆ ಎಷ್ಟು ಎಂದು ಬರುತ್ತದೆ. ಕೈಯಲ್ಲಿರುವುದು ಉಂಗುರ, ಆ್ಯಪ್‌ನಲ್ಲಿ ಬಂದದ್ದು ಬಳೆ ಎಂದಾದರೆ ಅಲ್ಲಿಂದ ಎದ್ದು ಬನ್ನಿ. ಎರಡು ಗ್ರಾಂಗಿಂತ ಕಡಿಮೆ ತೂಕದ ಮೂಗುಬೊಟ್ಟಿನಂಥವಕ್ಕೆ ಈ ಕಡ್ಡಾಯ ಇಲ್ಲ.

ತಿಂಗಳು ತಿಂಗಳು ಕಟ್ಟುವ ಚಿನ್ನದ ಸ್ಕೀಮ್‌ಗಳು ಹೆಚ್ಚಾಗಿ 11 ತಿಂಗಳದ್ದಿರುತ್ತವೆ. ಸಾಮಾನಿಗಾಗಿ ಪಡೆದ ಮುಂಗಡಕ್ಕೆ ಕಂಪನಿ 365 ದಿನದೊಳಗೆ ಸಾಮಾನು ಕೊಡಬೇಕು, ಇಲ್ಲವಾದರೆ ಅದು ಠೇವಣಿ ಎನಿಸುತ್ತದೆ ಎಂಬ ನಿಯಮವೇ ಅದಕ್ಕೆ ಕಾರಣ. ಅಂಗಡಿ ಮುಚ್ಚಿದರೆ ಬ್ಯಾಂಕಿನ ಠೇವಣಿಗೆ ಇರುವಂಥ ವಿಮೆ ಇದಕ್ಕಿಲ್ಲ. ಇದು ನೆನಪಿರಲಿ.

5. ಸೀರೆ, ಬಟ್ಟೆ

‘ಕೈಮಗ್ಗ’, ‘ಶುದ್ಧ ರೇಷ್ಮೆ’ ಎಂಬ ಬೋರ್ಡಿಗೆ ಬೆಲೆ ಕೊಡಬೇಡಿ, ಹ್ಯಾಂಡ್‌ಲೂಮ್ ಮಾರ್ಕ್, ಸಿಲ್ಕ್ ಮಾರ್ಕ್ ಚೀಟಿ ಕೇಳಿ. ನಮ್ಮದೇ ಉಡುಪಿ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ತಾಳಿಪಾಡಿಯಂಥ ಕಡೆಗಳಲ್ಲಿ ನೇಕಾರರ ಸಂಘಗಳು ಇನ್ನೂ ಅದನ್ನು ನೇಯುತ್ತಿವೆ. ಆ ಸೀರೆಗೆ ಫ್ಲೆಕ್ಸ್ ಇಲ್ಲ, ಶೇ. 70ರ ಬೋರ್ಡಿಲ್ಲ. ಮೈಗೆ ಹಗುರ, ನಮ್ಮ ಸೆಖೆಗೆ ಹೇಳಿ ಮಾಡಿಸಿದ ಹತ್ತಿ. ಅಮ್ಮನಿಗೆ ಒಂದು ತಂದೆ. ಗೋಪೂಜೆಗೆ ಉಟ್ಟದ್ದನ್ನು ಮರುವಾರ ಅಂಗನವಾಡಿ ಕೆಲಸಕ್ಕೂ ಉಟ್ಟುಕೊಂಡು ಹೋದಳು. ಪೆಟ್ಟಿಗೆಯಲ್ಲಿರುವ ರೇಷ್ಮೆಗೆ ಆ ಭಾಗ್ಯ ಸಿಕ್ಕಿಲ್ಲ.

ಬದಲಾಯಿಸಿಕೊಡುವ ನಿಯಮ ಏನೆಂದು ದುಡ್ಡು ಕೊಡುವ ಮೊದಲೇ ಕೇಳಿ. ‘ಮಾರಿದ ಮಾಲು ವಾಪಸಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿದ್ದರೂ, ದೋಷವಿರುವ ಮಾಲನ್ನು ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ನಮೂದಿಸದೇ ಇದ್ದರೆ 30 ದಿನ ಎಂದು ಲೆಕ್ಕ. ಬಿಲ್ ಕೊಡದಿರುವುದೂ ಅದೇ ಸಾಲಿನ ತಪ್ಪು. ಬಣ್ಣ ಇಷ್ಟವಾಗಲಿಲ್ಲ ಎಂಬುದು ಮಾತ್ರ ದೋಷವಲ್ಲ.

6. ಫ್ರಿಜ್, ಟಿವಿ, ಫೋನು ಮತ್ತು ಬಡ್ಡಿಯಿಲ್ಲದ ಕಂತು

ಬಡ್ಡಿಯಿಲ್ಲದ ಸಾಲ ಎಂಬುದು ಇಲ್ಲ. ಶೂನ್ಯ ಬಡ್ಡಿ ಎಂಬ ಹೆಸರಿನ ಯೋಜನೆಗಳಲ್ಲಿ ಬಡ್ಡಿಯನ್ನು ಬೇರೆ ರೂಪದಲ್ಲಿ ವಸೂಲು ಮಾಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಅದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ‘ಇವತ್ತೇ ಪೂರ್ತಿ ದುಡ್ಡು ಕೊಟ್ಟರೆ ಎಷ್ಟು?’ ಎಂದು ಕೇಳಿ. 24,000ದ ಫೋನಿಗೆ ತಿಂಗಳಿಗೆ 2,000ದಂತೆ 12 ಕಂತು. ನಗದಿಗೆ 22,500 ಎಂದರು ಎಂದುಕೊಳ್ಳಿ. ಮೇಲೆ 299 ರೂಪಾಯಿ ಸಂಸ್ಕರಣಾ ಶುಲ್ಕ, ಅದಕ್ಕೆ 18% ತೆರಿಗೆ, ಒಟ್ಟು ಸುಮಾರು 353. ಹಾಗಾದರೆ ಕಂತಿನ ನಿಜವಾದ ಬೆಲೆ 1,853 ರೂಪಾಯಿ. ತಪ್ಪೇನಿಲ್ಲ, ಕಂತು ಅನುಕೂಲವೆನಿಸಿದರೆ ತೆಗೆದುಕೊಳ್ಳಿ. ಆದರೆ ಉಚಿತ ಎಂದುಕೊಂಡು ಬೇಡ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ವಾರ್ಷಿಕ ದರ, ಎಲ್ಲ ಶುಲ್ಕ ಬರೆದ ‘ಮುಖ್ಯ ಮಾಹಿತಿ ಪತ್ರ’ವನ್ನು ಕೊಡಬೇಕು. ಅದನ್ನು ಕೇಳದೆ ಒಟಿಪಿ ಹೇಳಬೇಡಿ.

ಫ್ರಿಜ್, ಎಸಿ ಮೇಲಿನ ಸ್ಟಾರ್ ಚೀಟಿಯಲ್ಲಿ ನಕ್ಷತ್ರಕ್ಕಿಂತ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ ಮುಖ್ಯ. ಅದರ ಪಕ್ಕದಲ್ಲಿ ಆ ಚೀಟಿ ಯಾವ ಅವಧಿಯದ್ದು ಎಂದೂ ಇರುತ್ತದೆ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ನಾಲ್ಕು ಸ್ಟಾರ್ ಹೊಸದರಲ್ಲಿ ಮೂರಕ್ಕೆ ಇಳಿಯಬಹುದು. ಹಬ್ಬಕ್ಕೆ ಅಗ್ಗವಾಗುವುದರಲ್ಲಿ ಹಳೆಯ ದಾಸ್ತಾನೂ ಇರುತ್ತದೆ.

ನಮ್ಮೂರಿಗೆ ಇನ್ನೆರಡು ಪ್ರಶ್ನೆ. ಮರವಂತೆ, ತ್ರಾಸಿ, ಉಪ್ಪುಂದ, ಗಂಗೊಳ್ಳಿಯಂಥ ಕಡಲ ಬದಿಯ ಮನೆಯಾದರೆ ಉಪ್ಪುಗಾಳಿಗೆ ಎಸಿಯ ಹೊರಗಿನ ಪೆಟ್ಟಿಗೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕುನಿರೋಧಕ ಲೇಪನ ಇದೆಯೇ ಎಂದು ಕೇಳಿ. ಎರಡನೆಯದು, ಕೆಟ್ಟರೆ ರಿಪೇರಿಗೆ ಜನ ಎಲ್ಲಿಂದ ಬರುತ್ತಾರೆ? ಕುಂದಾಪುರದಿಂದಲೋ, ಮಂಗಳೂರಿನಿಂದಲೋ? ಶಿರೂರಿನ ಮನೆಗೆ ಮಂಗಳೂರಿನಿಂದ ಬರಬೇಕಾದರೆ ಎರಡು ಸಾವಿರದ ರಿಯಾಯಿತಿ ಕಾಯುವುದರಲ್ಲೇ ಮುಗಿಯುತ್ತದೆ.

7. ಮೊಬೈಲಿನಲ್ಲಿ ಕೊಳ್ಳುವಾಗ

ಆನ್‌ಲೈನ್ ಹಬ್ಬದ ಮಾರಾಟ ನಮ್ಮ ದೇಶದಲ್ಲಿ ದೊಡ್ಡದಾದದ್ದು 2014ರ ಅಕ್ಟೋಬರ್ 6ರ ಫ್ಲಿಪ್‌ಕಾರ್ಟ್ ‘ಬಿಗ್ ಬಿಲಿಯನ್ ಡೇ’ಯಿಂದ. ಆ ದಿನ ಸಾಮಾನು ಮುಗಿದು, ತಾಣ ನಿಂತು, ಸಂಸ್ಥಾಪಕರೇ ಗ್ರಾಹಕರ ಕ್ಷಮೆ ಕೇಳಿದ್ದರು. ಅಂದಿನಿಂದ ತಂತ್ರ ನಯವಾಗಿದೆ. 2023ರ ನವೆಂಬರ್ 30ರ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿದೆ: ಸುಳ್ಳು ಗಡುವು, ಹೇಳದೆ ಬುಟ್ಟಿಗೆ ಸೇರಿಸುವ ವಿಮೆ-ದೇಣಿಗೆ, ಕೊನೆಯ ಪುಟದಲ್ಲಿ ಒಂದೊಂದಾಗಿ ಏರುವ ಶುಲ್ಕ, ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂದು ಒತ್ತಿಸಿ ನಾಚಿಸುವುದು ಇತ್ಯಾದಿ.

ಸುಳ್ಳು ಗಡುವಿಗೆ ನನ್ನ ಅಮ್ಮಮ್ಮನ ಮಾತೇ ಔಷಧ. ಏನೇ ತೋರಿಸಿದರೂ ಅವರು “ಕಾಂಬ, ಅವಸರ ಎಂತಕೆ?” ಎನ್ನುತ್ತಿದ್ದರು. ನಾಳೆ ನೋಡೋಣ ಎಂದರ್ಥ. ಈಗ ನಾನು ಐನೂರು ರೂಪಾಯಿಗಿಂತ ಮೇಲಿನ ಯಾವುದನ್ನೇ ಆಗಲಿ ಬುಟ್ಟಿಗೆ ಹಾಕಿ ಮೂರು ರಾತ್ರಿ ಬಿಡುತ್ತೇನೆ. ನಾಲ್ಕನೆಯ ಬೆಳಿಗ್ಗೆ ಅದು ನೆನಪಿಗೇ ಬಾರದಿದ್ದರೆ ತೆಗೆದುಹಾಕುತ್ತೇನೆ.

ಇದನ್ನು ಕಲಿತದ್ದು ಕಳೆದುಕೊಂಡ ಮೇಲೆ. ಒಂದು ನವರಾತ್ರಿಗೆ ಇನ್‌ಸ್ಟಾಗ್ರಾಂ ಪುಟವೊಂದರಲ್ಲಿ ಅಮ್ಮನಿಗೆ ನೇರಳೆ ಬಣ್ಣದ ಸಿಲ್ಕ್ ಕಾಟನ್ ಸೀರೆ ನೋಡಿದೆ. 1,499, ರಾತ್ರಿ ಹನ್ನೆರಡಕ್ಕೆ ಕೊನೆ. ಹನ್ನೊಂದೂವರೆಗೆ ದುಡ್ಡು ಕಳಿಸಿದೆ. ಹತ್ತು ದಿನಕ್ಕೆ ಬಂದದ್ದು ಕಂದು ಬಣ್ಣದ, ಮುಟ್ಟಿದರೆ ಸರಸರ ಎನ್ನುವ ಪಾಲಿಯೆಸ್ಟರ್. ಮೆಸೇಜ್ ಮಾಡಿದೆ, ಮರುದಿನ ನನ್ನನ್ನು ಬ್ಲಾಕ್ ಮಾಡಿದ್ದರು. ಆ ಪುಟದಲ್ಲಿ ವಿಳಾಸವಿರಲಿಲ್ಲ, ಬಿಲ್ ಬರಲಿಲ್ಲ, ಯಾರ ಮೇಲೆ ದೂರು ಕೊಡುವುದೆಂದೇ ತಿಳಿಯಲಿಲ್ಲ. ನನಗೆ ಬೇಸರವಾಗಬಾರದೆಂದು ಅಮ್ಮ ಆ ಸೀರೆಯನ್ನು ಒಂದು ದಿನ ಉಟ್ಟಳು. ಅದು ನನಗೆ ದುಡ್ಡಿಗಿಂತ ಹೆಚ್ಚು ನೋವು ಕೊಟ್ಟಿತು.

ಆನ್‌ಲೈನ್ ಮಾರುವವರು ತಮ್ಮ ಹೆಸರು, ವಿಳಾಸ, ದೂರು ಅಧಿಕಾರಿಯ ವಿವರ ತೋರಿಸಬೇಕು, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂದು 2020ರ ಇ-ವಾಣಿಜ್ಯ ನಿಯಮ ಹೇಳುತ್ತದೆ. ಈ ವಿವರ ಕಾಣದ ಪುಟಕ್ಕೆ ಮುಂಗಡ ದುಡ್ಡು ಕಳಿಸಬೇಡಿ.

ಎಚ್ಚರಿಕೆ

‘ತಿಂಗಳಿಗೆ ಸಾವಿರ ಕಟ್ಟಿ, ಕಾರು, ಬೈಕು, ಚಿನ್ನ ಗೆಲ್ಲಿ’ ಎಂಬ ಲಕ್ಕಿ ಸ್ಕೀಮ್‌ಗಳು ಕರಾವಳಿಯಲ್ಲಿ ಹೆಚ್ಚು. ನಡೆಸುವವರು ನಮ್ಮ ಪರಿಚಯದವರೇ ಆಗಿರುವುದರಿಂದ ಬೇಡ ಎನ್ನಲು ದಾಕ್ಷಿಣ್ಯ. ಹಲವರಿಂದ ಕಂತು ಕೂಡಿಸಿ ಡ್ರಾ ಎತ್ತಿ ಬಹುಮಾನ ಕೊಡುವ ಚೀಟಿಗಳಿಗೆ 1978ರಿಂದಲೇ ಕಾನೂನಿನ ನಿಷೇಧವಿದೆ. ಆ ದಾಕ್ಷಿಣ್ಯವನ್ನು ಬಿಟ್ಟುಬಿಡಿ.

ದುಡ್ಡು ನಿಮಗೆ ಬರಲು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಒತ್ತಬೇಕಿಲ್ಲ. ‘ಹಬ್ಬದ ಕ್ಯಾಶ್‌ಬ್ಯಾಕ್’ ಎಂದು ಯಾರಾದರೂ ಪಿನ್ ಒತ್ತಿ ಎಂದರೆ ಅದು ಮೋಸ. ದುಡ್ಡು ಹೋದ ಕೂಡಲೇ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯೇ ಮುಖ್ಯ.

ಬಿಡಿ ಸಿಹಿತಿಂಡಿಯ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕೆಂದು ಬರೆದಿಡುವುದು 2020ರ ಅಕ್ಟೋಬರಿನಿಂದ ಕಡ್ಡಾಯ. ಕಾಣದಿದ್ದರೆ ಕೇಳಿ.

ನಾವು ಮಾಡುವ ಸಾಮಾನ್ಯ ತಪ್ಪು

ಸಂಜೆ ಹಸಿದು, ಇಡೀ ಕುಟುಂಬ ಸಮೇತ, ಮಕ್ಕಳು ರಚ್ಚೆ ಹಿಡಿದಿರುವಾಗ ಅಂಗಡಿಗೆ ಹೋಗುವುದು. ಅಷ್ಟು ಸುಸ್ತಾದವರು ಮೊದಲು ಕಂಡದ್ದಕ್ಕೆ ಹೂಂ ಎನ್ನುತ್ತಾರೆ. ಬೆಳಿಗ್ಗೆ ಹತ್ತೂವರೆಗೆ, ಇಬ್ಬರೇ ಹೋಗಿ.

ಹತ್ತು ಸೀರೆ ಬಿಡಿಸಿ ತೋರಿಸಿದ ಹುಡುಗಿಗೆ ಬೇಸರವಾಗುತ್ತದೆಂದು ಕೊಳ್ಳುವುದು. ಅವಳು ನಮ್ಮ ಕಡೆಯವಳೇ, ದಿನವಿಡೀ ನಿಂತೇ ಇರುವವಳು. ಅವಳಿಗೆ ಒಳ್ಳೆಯ ಮಾತು ಹೇಳಿ, ಬಿಡಿಸಿದ್ದನ್ನು ಮಡಚಲು ಒಂದು ಕೈ ಕೊಡಿ. ಕೊಳ್ಳಲೇಬೇಕೆಂದಿಲ್ಲ.

ಬಿಲ್ಲಿಗೆ ಮೊಬೈಲ್ ನಂಬರ್ ಬೇಕೇ ಬೇಕು ಎಂದಾಗ ಕೊಡುವುದು. ಕಡ್ಡಾಯವಲ್ಲ. ಕೊಟ್ಟರೆ ಮುಂದಿನ ಹಬ್ಬದ ಮೆಸೇಜು ಅಲ್ಲಿಂದಲೇ ಬರುತ್ತದೆ.

ಬಿಲ್ ಎಸೆಯುವುದು. ಅಂಗಡಿಯ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲೇ ಮಾಸಬಹುದು. ಅಂದೇ ಫೋಟೋ ತೆಗೆದಿಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಹಾಕಿಸಿ.

ಮೋಸ ಹೋದಿರಾದರೆ

ಮೊದಲು ಅಂಗಡಿಗೆ ಬರಹದಲ್ಲಿ ತಿಳಿಸಿ. ವಾಟ್ಸ್ಆ್ಯಪ್ ಆದರೂ ಸಾಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಬಿಲ್ ಸಂಖ್ಯೆ, ತಾರೀಕು, ಜಾಹೀರಾತಿನ ಫೋಟೋ ಕೈಯಲ್ಲಿರಲಿ. ಅದೂ ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗ. ಸಾಮಾನು ಮುಂಬೈಯಿಂದ ಬಂದಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದವರೆಗೆ ಅವಕಾಶವಿದೆ. ‘ಇ-ಜಾಗೃತಿ’ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ, ಅದಕ್ಕೆ ಮುಖ ಕೊಟ್ಟವರಿಗೂ 10 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ. ಕರಪತ್ರ ಎಸೆಯಬೇಡಿ ಎಂದು ನಾನು ಹೇಳುವುದು ಅದಕ್ಕೇ. ಅದೇ ಸಾಕ್ಷಿ.

ನಮ್ಮ ಮನೆಯಲ್ಲಿ ಕರಪತ್ರದ ಹಿಂಬದಿ ಖಾಲಿ ಇದ್ದರೆ ಅಮ್ಮ ಅದರಲ್ಲೇ ಸಂತೆಯ ಪಟ್ಟಿ ಬರೆಯುತ್ತಾಳೆ. ಹಾಗಾಗಿ ಆ 70% ಕೂಡ ಎರಡು ವಾರ ಅಡುಗೆಮನೆಯ ಗೋಡೆಗೆ ಮುಖ ಮಾಡಿ ಉಳಿಯುತ್ತದೆ. ಮೊದಲ ಸಾಲು ಪ್ರತಿ ವರ್ಷ ಒಂದೇ: ಹಣತೆ, ಎರಡು ಡಜನ್. ಈ ಶನಿವಾರ ನೀವು ಸಂತೆಗೆ ಹೋಗುವುದಾದರೆ ಹಣತೆಯನ್ನು ಒಂದೊಂದಾಗಿ ಬೆರಳಿನಲ್ಲಿ ತಟ್ಟಿ ನೋಡಿ ತೆಗೆದುಕೊಳ್ಳಿ, ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ. ಮನೆಗೆ ತಂದು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಒಣಗಿಸಿ. ಇಲ್ಲದಿದ್ದರೆ ಹೊಸ ಮಣ್ಣು ಎಣ್ಣೆ ಕುಡಿದುಬಿಡುತ್ತದೆ.